ಬಚ್ಚಲುಮನೆಯೊಳಗೆ ಹಾದ ಗೆರೆ

ನಡೆಯುವಾಗ ಕೈಗಳನ್ನು ಏನು ಮಾಡಬೇಕು ಎಂಬುದು ನನಗಿನ್ನೂ ಗೊತ್ತಿಲ್ಲ. ವಯಸ್ಸು ಇಪ್ಪತ್ತಮೂರು, ಹೆಸರಿನ ಮುಂದೆ ಒಂದು ಪದವಿಯೂ ಇದೆ, ಆದರೂ ಗೊತ್ತಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ದಿನಚರಿಯಲ್ಲಿ ಬರೆಯುವಾಗಲೂ ಕೋಣೆಯ ಬಾಗಿಲು ಹಾಕಿಕೊಂಡೇ ಬರೆದೆ. ಮನೆಯೊಳಗಿದ್ದಾಗ ಅವು ತಮ್ಮ ಪಾಡಿಗೆ ತಾವಿರುತ್ತವೆ. ಗೇಟು ದಾಟಿದೆನೋ, ಯಾರ ಮನೆಯಿಂದಲೋ ಎರವಲು ತಂದವುಗಳ ಹಾಗೆ ನೇತಾಡತೊಡಗುತ್ತವೆ. ಬೀಸಿದರೆ ಕವಾಯತಿಗೆ ಹೊರಟ ಹಾಗಿರುತ್ತದೆ, ಹಿಂದೆ ಕಟ್ಟಿಕೊಂಡರೆ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ. ಮೂಲೆಯ ಅಂಗಡಿಯ ದರ್ಜಿ ತಲೆಯೆತ್ತಿ ನೋಡುತ್ತಾನೆ. ಅವನು ನನ್ನ ಅಂಗಿಯ ಹೊಲಿಗೆಯನ್ನು ನೋಡುತ್ತಿರಬಹುದು. ನನಗೆ ಮಾತ್ರ ಅವನು ಕೈಗಳನ್ನೇ ನೋಡುತ್ತಿದ್ದಾನೆ ಅನ್ನಿಸುತ್ತದೆ.

ಇಂಥವಳಿಗೆ ನನ್ನ ಅಕ್ಕ ಹೆಜ್ಜೆ ಎಣಿಸುವ ವಾಚ್ ಕಳಿಸಿಕೊಟ್ಟಳು.

ಅಕ್ಕ ದೂರದ ದೊಡ್ಡ ಕಚೇರಿಯೊಂದರಲ್ಲಿ ನೂರಿಪ್ಪತ್ತು ಜನರನ್ನು ಆಳುವವಳು. ರಜೆಯ ದಿನ ಆಳಲು ಯಾರೂ ಸಿಗದಿದ್ದಾಗ ನನಗೆ ಫೋನ್ ಮಾಡುತ್ತಾಳೆ. "ದಿನಕ್ಕೆ ಎಂಟು ಸಾವಿರ ಹೆಜ್ಜೆ. ಮೊಬೈಲಲ್ಲಿ ಆಪ್ ಹಾಕ್ಕೋ. ನೆಪ ಹೇಳ್ಬೇಡ, ನೀನು ನಡೆದ್ಯೋ ಕೂತ್ಯೋ ನನಗೆ ಇಲ್ಲೇ ಗೊತ್ತಾಗತ್ತೆ" ಎಂದಳು. ಆಪ್ ಒಂದಾದ ಮೇಲೊಂದು ಪ್ರಶ್ನೆ ಕೇಳಿತು. ನೀವು ಎಲ್ಲಿದ್ದೀರೆಂದು ತಿಳಿಯಲೇ? ನಡೆದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯಲೇ? ಸುತ್ತಮುತ್ತಲಿನ ನಡಿಗೆಗಾರರಿಗೆ ತೋರಿಸಲೇ? ಬೇಡ ಎನ್ನುವ ಪದ ನನ್ನ ಬಾಯಿಂದ ಹುಟ್ಟಿದ್ದೇ ಇಲ್ಲ. ನೀಲಿ ಬಟ್ಟೆ ಕೇಳಿದ್ದಕ್ಕೆ ಅಂಗಡಿಯವನು ಹಳದಿ ಕಟ್ಟಿಕೊಟ್ಟರೂ ತಲೆಯಾಡಿಸಿ ತರುವವಳು ನಾನು. ಎಲ್ಲದಕ್ಕೂ ಆಗಲಿ ಎಂದು ಒತ್ತಿದೆ. ಕೊನೆಗೆ ಅದು ಹೆಸರು ಕೇಳಿದಾಗ ಮಾತ್ರ ಧೈರ್ಯ ಸಾಲದೆ ಖಾಲಿ ಬಿಟ್ಟೆ. ಅದೇ ಒಂದು ನಾಮಕರಣ ಮಾಡಿಕೊಂಡಿತು: ಸದಸ್ಯ 417.

ಬೀದಿಯಲ್ಲಿ ನಡೆಯುವ ಮಾತೇ ಇರಲಿಲ್ಲ. ನಮ್ಮ ತಾರಸಿ ಉದ್ದಕ್ಕೆ ಇಪ್ಪತ್ತಮೂರು ಹೆಜ್ಜೆ, ಅಡ್ಡಕ್ಕೆ ಹನ್ನೊಂದು. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದರಲ್ಲಿ ಬಟ್ಟೆ ಒಣಹಾಕುವ ತಂತಿ, ನಡುವೆ ಕಾಲು ಮುರಿದ ಒಂದು ಕುರ್ಚಿ. ಬೆಳಿಗ್ಗೆ ಐದೂವರೆಗೆ ಹತ್ತಿದರೆ ಆರೂವರೆವರೆಗೆ ಗಾಣದ ಎತ್ತಿನ ಹಾಗೆ ಟ್ಯಾಂಕಿನ ಬಳಿ ಸುತ್ತುತ್ತಿದ್ದೆ. ನಾನು ಪರೀಕ್ಷೆಗೆ ಓದಿಕೊಳ್ಳಲು ಮೇಲೆ ಹೋಗುತ್ತೇನೆಂದು ಮನೆಯವರು ನಂಬಿದ್ದರು. ವಾಚನ್ನೂ ಅವರು ಗಮನಿಸಲಿಲ್ಲ. ಅದು ಸದಾ ನನ್ನ ಅಂಗಿಯ ಪೂರ್ತಿ ತೋಳಿನೊಳಗೆ ಅಡಗಿರುತ್ತಿತ್ತು, ನನ್ನ ಹಾಗೆಯೇ.

ನೋಡಿದವರು ಒಬ್ಬರೇ. ಪಕ್ಕದ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿರುವ ನರ್ಸಮ್ಮ. ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಐದೂವರೆಗೆ ಮನೆಗೆ ಬರುವವರು. ಓಣಿಯಲ್ಲಿ ನಿಂತು ಒಮ್ಮೆ ಕತ್ತೆತ್ತಿ ನನ್ನನ್ನು ಕಂಡು, "ಏನ್ ತಾಯಿ, ಟ್ಯಾಂಕಿಗೆ ಪ್ರದಕ್ಷಿಣೆನಾ?" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೇಳಿದರು. ನಾನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟೆ. ಅವರೂ ತಮ್ಮ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ದಿನವೂ ಒಮ್ಮೆ ಮೇಲೆ ನೋಡಿ ಕೈ ಬೀಸುವರು, ಅಷ್ಟೆ. ಆ ಬೀದಿಯಲ್ಲಿ ನಾನು ಮಾಡಿಕೊಂಡ ಏಕೈಕ ಸ್ನೇಹ ಅದು, ಅದೂ ಬಾಯಿ ಬಿಡದೆ.

ಹನ್ನೊಂದನೆಯ ದಿನ ಆ ಪಕ್ಕದ ಮನೆಯ ಯಜಮಾನರಾದ ಇನ್‌ಸ್ಪೆಕ್ಟರ್ ನಮ್ಮ ಮನೆಗೆ ಬಂದರು.

ಇವರು ನಿವೃತ್ತರಾದದ್ದು ತೂಕ ಮತ್ತು ಅಳತೆ ಇಲಾಖೆಯಿಂದ. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವರು. ನಿವೃತ್ತಿಯ ದಿನ ಇಲಾಖೆಯ ಹೆಸರನ್ನು ಕಚೇರಿಯಲ್ಲೇ ಬಿಟ್ಟು, ಇನ್‌ಸ್ಪೆಕ್ಟರ್ ಎಂಬುದನ್ನಷ್ಟೇ ಮನೆಗೆ ತಂದರು. ಬೀದಿಗೆ ಹೊಸಬರು ಬಂದರೆ ಇವರನ್ನು ಕಂಡು ಸ್ಕೂಟರ್ ನಿಲ್ಲಿಸಿ ಕಾಗದಪತ್ರ ತೆಗೆಯುತ್ತಾರೆ. ಇವರೂ ಗಂಭೀರವಾಗಿ ನೋಡಿ, ಸರಿಯಿದೆ ಎಂದು ವಾಪಸ್ ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಅಳಿಯ ಕೊಡಿಸಿದ ವಾಚ್ ಅವರ ಕೈಯಲ್ಲೂ ಇತ್ತು, ಗೋಡೆ ಗಡಿಯಾರದಷ್ಟು ದೊಡ್ಡದು.

"ಸೆಕ್ರೆಟರಿಗಳೇ, ಬಾಗಿಲು ಹಾಕಿ" ಎಂದರು. ನಮ್ಮ ಅಪ್ಪ ಬೀದಿಯ ನಿವಾಸಿಗಳ ಸಂಘದ ಸೆಕ್ರೆಟರಿ.

"ಯಾಕ್ ಸಾರ್, ಗಾಳಿ ಬರ್ತಿದ್ಯಾ?"

"ಗಾಳಿ ಅಲ್ಲ. ಮನುಷ್ಯ ಬರ್ತಿದ್ದಾನೆ. ನಮ್ಮ ಬಚ್ಚಲುಮನೆಗೆ."

ಫೋನು ತೆಗೆದು ತೋರಿಸಿದರು. ನಮ್ಮ ಬೀದಿಯ ನಕ್ಷೆ. ಅದರ ಮೇಲೆ ಕಿತ್ತಳೆ ಬಣ್ಣದ ಒಂದು ಗೆರೆ ಇನ್‌ಸ್ಪೆಕ್ಟರ ಬಚ್ಚಲುಮನೆಯಲ್ಲಿ ನಲವತ್ತು ಸುತ್ತು ಸುತ್ತಿ, ಹಜಾರ ಹಾದು, ಅಡುಗೆಮನೆಯಲ್ಲಿ ಎರಡು ನಿಮಿಷ ನಿಂತು, ಮತ್ತೆ ಬಚ್ಚಲಿಗೆ ಮರಳಿತ್ತು. ಮೇಲೆ ಬರೆದಿತ್ತು: ನಿಮ್ಮ ಸಮೀಪದ ನಡಿಗೆಗಾರರು. ಸದಸ್ಯ 417. ಶಭಾಷ್.

ನಾನು ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದು ವಾಚನ್ನು ಮುಚ್ಚಿಕೊಂಡೆ. ಆಕಾಶದಲ್ಲಿರುವ ಉಪಗ್ರಹಕ್ಕೆ ನಮ್ಮ ತಾರಸಿ ಎಲ್ಲಿ ಮುಗಿಯುತ್ತದೆ, ಅವರ ಬಚ್ಚಲು ಎಲ್ಲಿ ಶುರುವಾಗುತ್ತದೆ ಎಂಬ ವಿವೇಕವಿರಲಿಲ್ಲ. ನನ್ನನ್ನು ಎತ್ತಿ ಇಪ್ಪತ್ತಡಿ ಆಚೆ ಇಟ್ಟಿತ್ತು. ಅಡುಗೆಮನೆಯಲ್ಲಿ ನಿಂತ ಎರಡು ನಿಮಿಷ ನಾನು ಚಪ್ಪಲಿಯೊಳಗಿನ ಕಲ್ಲು ತೆಗೆದದ್ದು. ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಅಪ್ಪ ಕನ್ನಡಕ ಬದಲಾಯಿಸಿದ್ದರು.

ಅಪ್ಪ ಮೂವತ್ತೆರಡು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದವರು. ನಕ್ಷೆಗೂ ನೆಲಕ್ಕೂ ಹೊಂದದಿದ್ದರೆ ತಪ್ಪು ನೆಲದ್ದು ಎಂಬುದು ಆ ಕಚೇರಿಯ ಮೊದಲ ಪಾಠ. ಅಪ್ಪನ ಒಂದು ನಕ್ಷೆಗೆ ಹೊಂದಲಿಲ್ಲವೆಂದು ಒಮ್ಮೆ ಶಾಲೆಯೊಂದರ ಕಾಂಪೌಂಡನ್ನೇ ಕೆಡವಿ ನಾಲ್ಕಡಿ ಆಚೆ ಕಟ್ಟಿಸಿದ್ದರಂತೆ. ಅದನ್ನು ಅವರು ಈಗಲೂ, ಬೇರೆಯವರು ಮಕ್ಕಳ ರ‍್ಯಾಂಕಿನ ಬಗ್ಗೆ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಾರೆ.

"ಗೆರೆ ಚೆನ್ನಾಗಿದೆ" ಎಂದರು ಅಪ್ಪ, ಮೆಚ್ಚುಗೆಯಿಂದ. "ಕೈ ನಡುಗಿಲ್ಲ."

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅಮ್ಮ ಕೇಳಿದಳು, "ಬಚ್ಚಲಿಗೂ ಹಜಾರಕ್ಕೂ ನಡುವೆ ಗೋಡೆ ಇದೆಯಲ್ರೀ?"

"ಇದೆ ಅಂತ ನಾವು ಅಂದ್ಕೊಂಡಿದ್ದೀವಿ."

"ಹೋದ ವಾರ ನಾನೇ ಒರಗಿಕೊಂಡು ನಿಂತಿದ್ದೆ."

"ಒರಗೋದು ಬೇರೆ, ಅಳೆಯೋದು ಬೇರೆ" ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿ, ಫೋನಿನ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತರಲು ಹೊರಟೇಬಿಟ್ಟರು. ನಿವೃತ್ತರಾದ ನಾಲ್ಕು ವರ್ಷಗಳಲ್ಲಿ ಅವರು ಅಷ್ಟು ಚುರುಕಾಗಿ ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿರಲಿಲ್ಲ. ನನ್ನ ಬಾಯಿ ತೆರೆದಿದ್ದದ್ದು ತೆರೆದೇ ಇತ್ತು. ಅಮ್ಮ ಅದರೊಳಗೆ ಒಂದು ಬಟಾಣಿ ಹಾಕಿದಳು.

ಮಧ್ಯಾಹ್ನದೊಳಗೆ ವಿಷಯ ಇನ್‌ಸ್ಪೆಕ್ಟರಮ್ಮನಿಗೆ ಮುಟ್ಟಿತು. ಅವರು ಹೆದರಲಿಲ್ಲ. ಬಹಳ ದಿನದಿಂದ ಬಿಡಿಸಲಾಗದ ಒಂದು ಲೆಕ್ಕಕ್ಕೆ ಉತ್ತರ ಸಿಕ್ಕವರ ಹಾಗೆ ಮುಖ ಅರಳಿಸಿದರು. "ಅಡುಗೆಮನೇಲಿ ಎರಡು ನಿಮಿಷ ನಿಂತಿದ್ದಾನಾ? ಅದಕ್ಕೇ ಬಿಸ್ಕತ್ತಿನ ಡಬ್ಬಿ ಮೂರು ದಿನಕ್ಕೆ ಖಾಲಿ ಆಗ್ತಿರೋದು. ನಾನು ಪಾಪ ಇವರ ಮೇಲೆ ಅನುಮಾನ ಪಟ್ಟಿದ್ದೆ."

ಇನ್‌ಸ್ಪೆಕ್ಟರ್ ಕಿಟಕಿಯ ಹೊರಗೆ ನೋಡಿದರು. "ಹೌದು" ಎಂದರು ನಿಧಾನವಾಗಿ. "ಅವನೇ ಇರಬೇಕು. ಕ್ರೀಮ್ ಇರೋದೇ ತಿಂದಿದ್ದಾನೆ ನೋಡು, ರುಚಿ ಗೊತ್ತಿರೋನು." ಆ ಗಳಿಗೆಯಿಂದ ಸದಸ್ಯ 417 ಇದ್ದಾನೆಂದು ಸಾಧಿಸುವುದರಲ್ಲಿ ಅವರಿಗೂ ಒಂದು ಆಸಕ್ತಿ ಹುಟ್ಟಿತು.

ದೂರು ಬರೆದುಕೊಳ್ಳಲು ಠಾಣೆಯಿಂದ ಒಬ್ಬ ಪೇದೆ ಬಂದ. ನಿದ್ದೆಗಣ್ಣಿನ, ಒಳ್ಳೆಯ ಮನುಷ್ಯ. ಅಪ್ಪ ಹಾಸಿದ ನಕ್ಷೆಯ ಸುತ್ತ ಎರಡು ಸಲ ಸುತ್ತಿ, ಪುಸ್ತಕ ತೆರೆದ.

"ಕಳುವಾಗಿರೋದು?"

"ಬಿಸ್ಕತ್ತು" ಎಂದರು ಇನ್‌ಸ್ಪೆಕ್ಟರಮ್ಮ.

"ಎಷ್ಟು ತೂಕ?"

"ನಾನೂರು ಗ್ರಾಂ. ನಿವ್ವಳ" ಎಂದರು ಇನ್‌ಸ್ಪೆಕ್ಟರ್. ಮೂವತ್ತು ವರ್ಷದ ಅಭ್ಯಾಸ.

"ಒಳಗೆ ಬಂದಿದ್ದು ಹೇಗೆ?"

ಅಪ್ಪ ಬೆರಳಿಟ್ಟು ತೋರಿಸಿದರು. "ಇಲ್ಲಿಂದ. ಗೋಡೆ ಮೂಲಕ."

ಪೇದೆ ಪೆನ್ನು ಎತ್ತಿದ. "ಗೋಡೆ ಮೂಲಕ ಅಂತ ಬರೀಲಾ ಸಾರ್? ಬರೆದ್ರೆ ನಮ್ಮ ಸಾಹೇಬ್ರು ಮೊದಲು ನನ್ನ ಬಾಯಿ ಮೂಸಿ ನೋಡ್ತಾರೆ."

ಆಮೇಲೆ 'ದಾರಿ ತಿಳಿದಿಲ್ಲ' ಎಂದು ಬರೆದುಕೊಂಡು, ಇನ್‌ಸ್ಪೆಕ್ಟರಿಗೆ ಸೆಲ್ಯೂಟ್ ಹೊಡೆದು ಹೋದ. ಯಾವ ಇಲಾಖೆಯ ಇನ್‌ಸ್ಪೆಕ್ಟರ್ ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಎರಡು ದಿನದಲ್ಲಿ ನಾನೂರ ಹದಿನೇಳು ಬೀದಿಯ ಮನೆಮಾತಾದ. ಯಾರದೋ ತಂತಿಯ ಮೇಲಿನ ಟವೆಲು ಹಾರಿಹೋಗಿದ್ದು ಅವನಿಂದ. ಯಾರದೋ ಮಗ ಗಣಿತದಲ್ಲಿ ಹನ್ನೆರಡು ಅಂಕ ತೆಗೆದದ್ದೂ, ನಿದ್ದೆ ಕೆಟ್ಟಿದ್ದರಿಂದ, ಅವನಿಂದಲೇ. ಅವನ ಎತ್ತರ ಆರಡಿ ಎಂದು ತೀರ್ಮಾನವಾಯಿತು. ನಾಲ್ಕಡಿ ಹನ್ನೊಂದು ಅಂಗುಲದ ನಾನು ಹಾಲಿನ ಅಂಗಡಿಯ ಸಾಲಿನಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡೆ. ಮೂರನೆಯ ಮನೆಯವರಿಗಂತೂ ಅವಮಾನವೇ ಆಗಿತ್ತು. "ಅಲ್ರೀ ಸೆಕ್ರೆಟರಿ, ನಮ್ಮ ಮನೆಗೆ ಒಂದ್ಸಲಾನೂ ಬಂದಿಲ್ವಲ್ಲ. ನಮ್ಮ ಮನೇಲಿ ಕದಿಯೋಂಥದ್ದು ಏನೂ ಇಲ್ಲ ಅಂತ ಅವನಿಗೆ ಯಾರು ಹೇಳಿದ್ದು?"

ನಾನು ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಆ ವಾಚಿನಿಂದ ಇಲ್ಲಿ ಒಂದು ದೊಡ್ಡ..."

"ನೋಡ್ತಿದ್ದೀನಿ ಕಣೇ. ಎಂಟು ಸಾವಿರದ ಇನ್ನೂರು. ನೀನಾ ಇದು?"

"ಅದೇ, ನಾನು ಅನ್ನೋದು ಯಾರಿಗೂ..."

"ಹೇಳ್ಕೋಬೇಡ, ಮಾಡಿ ತೋರಿಸು. ಮೀಟಿಂಗಿದೆ, ಇಡ್ತೀನಿ."

ಮರುದಿನ ವಾಚ್ ಬಿಚ್ಚಿಟ್ಟು ನಡೆದೆ. ಗೆರೆ ಇಲ್ಲದಿದ್ದರೆ ಗದ್ದಲವೂ ಇರದು ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ಏಳಕ್ಕೆ ಇನ್‌ಸ್ಪೆಕ್ಟರ್ ಓಡಿಬಂದರು. "ಇವತ್ತು ಬಂದಿಲ್ಲ."

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ ಅವನಿಗೆ ಸುಳಿವು ಸಿಕ್ಕಿದೆ. ನಮ್ಮೊಳಗೇ ಯಾರೋ ಹೇಳಿದ್ದಾರೆ" ಎಂದು ಅನುಮಾನದಿಂದ ಅಮ್ಮನ ಕಡೆ ನೋಡಿದರು. ಅಮ್ಮ, "ಹೌದು, ನಾನೇ ಹೇಳ್ದೆ. ಇವತ್ತು ರಜಾ ತಗೊಳ್ಳಿ, ನಾಳೆ ಬನ್ನಿ ಅಂದೆ" ಎಂದು ಒಳಗೆ ಹೋದಳು. ಅದನ್ನೂ ಅಪ್ಪ ಒಂದು ಕಾಗದದಲ್ಲಿ ಗುರುತು ಹಾಕಿಕೊಂಡದ್ದನ್ನು ನಾನು ಕಂಡೆ.

ಮನೆಯೊಳಗೇ ಬಿರುಕು ಬರುವುದು ಬೇಡವೆಂದು ಅದರ ಮರುದಿನ ವಾಚ್ ಕಟ್ಟಿಕೊಂಡೆ. ಆದರೆ ಈ ಸಲ ಬುದ್ಧಿ ಉಪಯೋಗಿಸಿದೆ. ಟ್ಯಾಂಕಿನ ಬಳಿ ನಡೆದರೆ ತಾನೆ ಬಚ್ಚಲಿಗೆ ಹೋಗುವುದು? ಎದುರು ಮೂಲೆಯ ಬಟ್ಟೆ ತಂತಿಯ ಕೆಳಗೆ ನಡೆದರೆ ಗೆರೆ ಅವರ ಮನೆಯಿಂದಾಚೆ ಹೋಗಿಬಿಡುತ್ತದೆ. ಅದರ ಪ್ರಕಾರವೇ ಮುಕ್ಕಾಲು ಗಂಟೆ, ತಲೆಗೆ ತಂತಿ ತಗುಲದ ಹಾಗೆ ಬಗ್ಗಿ ಬಗ್ಗಿ ನಡೆದೆ. ಗೆರೆ ನಿಜಕ್ಕೂ ಬಚ್ಚಲು ಬಿಟ್ಟು ಆಚೆ ಹೋಯಿತು. ಹೋಗಿ ನರ್ಸಮ್ಮನ ಔಟ್‌ಹೌಸಿನಲ್ಲಿ ಕೂತಿತು.

ನನ್ನ ಜೀವನದಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸ ಅದು. ಎರಡನೆಯದನ್ನು ಮಾಡುವ ಮುನ್ನ ಯೋಚಿಸುತ್ತೇನೆ.

"ಇಲ್ಲಿ ಶುರು, ಇಲ್ಲೇ ಕೊನೆ" ಎಂದರು ಅಪ್ಪ, ಔಟ್‌ಹೌಸಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ. "ಅವನ ಠಿಕಾಣಿ ಇದು. ಇಲ್ಲಿಂದ ಎದ್ದು ಬಚ್ಚಲಿಗೆ ಬರ್ತಾನೆ. ನಡುವೆ ಒಂದು ದಾರಿ ಇದೆ. ಇರಲೇಬೇಕು."

ಇನ್‌ಸ್ಪೆಕ್ಟರ್ ಉಸಿರೆಳೆದುಕೊಂಡರು. "ಐದೂವರೆಗೆ ಬರೋದು ಆ ಯಮ್ಮ ಒಬ್ಬಳೇ."

"ಟೈಮೂ ಹೊಂದ್ತು" ಎಂದರು ಅಪ್ಪ. ಅವರ ಮುಖದಲ್ಲಿ ಯಾವ ಕೇಡೂ ಇರಲಿಲ್ಲ. ಎರಡು ಗೆರೆ ಒಂದು ಚುಕ್ಕೆಯಲ್ಲಿ ಕೂಡಿದ್ದನ್ನು ಕಂಡ ಸಂತೋಷ ಮಾತ್ರ ಇತ್ತು. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ ಹಜಾರದಲ್ಲಿ ಸಂಘದ ತುರ್ತು ಸಭೆ ಸೇರಿತು. ನಾನು ನಡಾವಳಿ ಬರೆದುಕೊಳ್ಳುವವಳು. ಅಕ್ಷರ ಚೆನ್ನಾಗಿದೆ, ನಡುವೆ ಮಾತಾಡುವುದಿಲ್ಲ, ಹೀಗಾಗಿ ಎರಡು ವರ್ಷದಿಂದ ಆ ಕೆಲಸ ನನ್ನದೇ. ನರ್ಸಮ್ಮನನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು.

"ಬೇಗ ಹೇಳಿ. ರಾತ್ರಿಯೆಲ್ಲ ಮೂವತ್ತು ಜನಕ್ಕೆ ಸೂಜಿ ಚುಚ್ಚಿ ಬಂದಿದ್ದೀನಿ, ಇನ್ನು ಮೂರು ನಾಲ್ಕು ಜನಕ್ಕೆ ಚುಚ್ಚೋಕೆ ನನಗೇನೂ ಕಷ್ಟ ಇಲ್ಲ" ಎಂದರು.

ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ಆ ಗಂಡಸು ಯಾರು?"

"ಯಾವ ಗಂಡಸು?"

"ನಿನ್ನ ರೂಮಲ್ಲಿ ಬೆಳಗಿನ ಜಾವ ನಾಲ್ಕು ಸಾವಿರ ಹೆಜ್ಜೆ ಹಾಕ್ತಾನಲ್ಲ, ಅವನು."

ನರ್ಸಮ್ಮ ಆಕಳಿಸಿದರು. "ನನ್ನ ರೂಮು ಎಂಟಡಿಗೆ ಹತ್ತಡಿ. ಅದರಲ್ಲಿ ಮಂಚ, ಸ್ಟೌವು, ಬೀರು. ನಾನು ಮಗ್ಗುಲು ಬದಲಾಯಿಸಬೇಕಾದ್ರೆ ಬೀರುವನ್ನ ಕೇಳ್ಕೋಬೇಕು. ಅದರೊಳಗೆ ನಾಲ್ಕು ಸಾವಿರ ಹೆಜ್ಜೆ ಹಾಕೋ ಗಂಡಸು ಇದ್ರೆ ಕರ್ಕೊಂಡ್ ಬನ್ನಿ, ನಾನೇ ಹಾರ ಹಾಕ್ತೀನಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಪ್ಪ ಮೇಜಿನ ಮೇಲೆ ನಕ್ಷೆ ಬಿಡಿಸಿದರು. "ನಗೋ ವಿಷಯ ಅಲ್ಲ ಇದು. ನೋಡಿ, ಗೆರೆ ಇಲ್ಲಿದೆ."

ನರ್ಸಮ್ಮ ಬಗ್ಗಿ ನೋಡಿದರು. ಆಸ್ಪತ್ರೆಯಲ್ಲಿ ದಿನವೂ ಹೃದಯದ ಗೆರೆ ನೋಡುವವರಿಗೆ ಇದೇನು ಮಹಾ. "ಈ ನೀಲಿ ಗೆರೆ ಯಾರದು?"

"ಅದು ಇನ್‌ಸ್ಪೆಕ್ಟರದು. ಅವರ ಸ್ವಂತ ವಾಕಿಂಗು. ಅದು ಈ ಕೇಸಿಗೆ ಸಂಬಂಧಪಡಲ್ಲ."

"ದಿನಾ ಬೇಕರಿ ಮುಂದೆ ಬಂದು ಗಂಟು ಹಾಕ್ಕೊಂಡಿದೆಯಲ್ಲ. ಹತ್ತತ್ತು ನಿಮಿಷ. ನಿಮ್ಮ ಸಕ್ಕರೆ ಎಷ್ಟಿದೆ ಈಗ?"

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಎದ್ದು ಬಂದು, ನೀಲಿ ಗೆರೆಯನ್ನು ಬೆರಳಿನಿಂದ ಗೇಟಿನಿಂದ ಬೇಕರಿಯವರೆಗೂ ಹಿಂಬಾಲಿಸಿ, ಗಂಡನ ಮುಖದಲ್ಲಿ ಬಂದು ನಿಲ್ಲಿಸಿದರು. ಇನ್‌ಸ್ಪೆಕ್ಟರ ಮುಖ ನೀಲಿಯಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಕೆಂಪಗಾಯಿತು.

"ವಿಷಯಾಂತರ ಮಾಡ್ಬೇಡ" ಎಂದು ಗದರಿದರು. "ಒಂದೇ ಪ್ರಶ್ನೆ. ಐದೂವರೆಗೆ ಬರ್ತೀಯಲ್ಲ, ಆ ಹೊತ್ತಲ್ಲಿ ಯಾರನ್ನಾದ್ರೂ ನೋಡಿದ್ಯೋ ಇಲ್ವೋ? ನಡೀತಿರೋರನ್ನ?"

ನರ್ಸಮ್ಮನ ಕಣ್ಣು ಸಭೆಯ ಮೇಲೆಲ್ಲ ಓಡಿ ನನ್ನ ಮೇಲೆ ಬಂದು ನಿಂತಿತು. ನನ್ನ ತೋಳಿನ ತುದಿಯಿಂದ ವಾಚು ಒಂದಿಷ್ಟು ಇಣುಕುತ್ತಿತ್ತು. ಅದನ್ನು ನೋಡಿದರು, ನಕ್ಷೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಎಲ್ಲವೂ ತಿಳಿಯಿತೆಂದು ನನಗೆ ತಿಳಿಯಿತು. ನಾನು ನಡಾವಳಿ ಪುಸ್ತಕದೊಳಗೆ ಹೂತುಹೋಗುವಷ್ಟು ತಲೆ ತಗ್ಗಿಸಿದೆ.

"ಕಳ್ಳರನ್ನ ಯಾರನ್ನೂ ನೋಡಿಲ್ಲ" ಎಂದರು ನರ್ಸಮ್ಮ.

"ನಾನು ಕೇಳಿದ್ದು ನಡೆಯೋರನ್ನ."

"ಮಾತು ಕೊಟ್ಟ ಮೇಲೆ ಹೇಳೋಕಾಗಲ್ಲ."

ಸಭೆ ಭುಗಿಲೆಂದಿತು. ಹಾಗಾದರೆ ಯಾರೋ ಇದ್ದಾನೆ, ಅವನಿಗೆ ಈಕೆ ಮಾತೂ ಕೊಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ರೂಮು ಖಾಲಿ ಮಾಡಬೇಕೆಂದು ಇನ್‌ಸ್ಪೆಕ್ಟರ್ ಅಪ್ಪಣೆ ಕೊಡಿಸಿದರು. ಅದೇ ಹೊತ್ತಿಗೆ ಗಾರೆ ಮೇಸ್ತ್ರಿಯನ್ನು ಕರೆಸಿ, ಬಚ್ಚಲಿಗೂ ಔಟ್‌ಹೌಸಿಗೂ ನಡುವಿನ ಗೋಡೆ ಒಡೆಸಿ ಗುಪ್ತದಾರಿಯನ್ನು ಬಯಲಿಗೆಳೆಯಬೇಕೆಂದು ಅಪ್ಪ ಸೂಚಿಸಿದರು. ನಾನು ನಡಾವಳಿಯಲ್ಲಿ ಬರೆದೆ: ಸರ್ವಾನುಮತದಿಂದ ಅಂಗೀಕರಿಸಲಾಯಿತು. ಇಷ್ಟು ದುಂಡಗೆ ನಾನು ಎಂದೂ ಬರೆದಿಲ್ಲ.

ಅವತ್ತು ಹೇಳಿಬಿಡಬೇಕೆಂದು ಮೂರು ಸಲ ಹೊರಟೆ. ಮೊದಲ ಸಲ ಅಪ್ಪ ಅಳತೆಪಟ್ಟಿಗೆ ಎಣ್ಣೆ ಹಾಕುತ್ತಿದ್ದರು, ಅಡ್ಡಿ ಮಾಡಬಾರದೆನಿಸಿತು. ಎರಡನೆಯ ಸಲ ನಾನು "ಅಪ್ಪಾ" ಎಂದೆ, ಅವರು "ಹೂಂ ಇಲ್ಲಿ ಹಿಡ್ಕೋ" ಎಂದು ಪಟ್ಟಿಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಅರ್ಧ ಗಂಟೆ ಹಿಡಿದುಕೊಂಡು ನಿಂತೆ. ಮೂರನೆಯ ಸಲ ಔಟ್‌ಹೌಸಿನ ಬಾಗಿಲಿಗೇ ಹೋದೆ. ಕಿಟಕಿಯಿಂದ ನರ್ಸಮ್ಮ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದದ್ದು ಕಾಣಿಸಿತು. ಒಂದು ತಟ್ಟೆ, ಎರಡು ಲೋಟ, ಒಂದು ಬಾಣಲೆ. ನನಗೆ ಬಾಗಿಲು ತಟ್ಟುವುದಕ್ಕೂ ಕೈ ಏಳಲಿಲ್ಲ.

ಭಾನುವಾರ ಹತ್ತೂವರೆಗೇ ಜನ ಸೇರಿದರು. ಮೂರನೆಯ ಮನೆಯವರು ಕುರ್ಚಿ ಸಮೇತ ಬಂದಿದ್ದರು. ಬಚ್ಚಲೊಳಗೆ ಹಿಡಿಯುವುದು ಆರು ಜನ; ಉಳಿದವರು ಹಜಾರದಿಂದ ಕತ್ತು ಚಾಚಿದರು. ಅಪ್ಪ ನಕ್ಷೆಯನ್ನು ನಲ್ಲಿಯ ಮೇಲೆ ಒದ್ದೆಯಾಗದ ಹಾಗೆ ತೂಗುಹಾಕಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದರು. ಅಷ್ಟು ನೇರವಾದ ಚೌಕ ಆ ಬಚ್ಚಲು ಹಿಂದೆಂದೂ ಕಂಡಿರಲಾರದು.

ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದ. "ಸಾರ್, ಇದು ಗಟ್ಟಿ ಗೋಡೆ."

"ಗಟ್ಟಿ ಅನ್ನಿಸೋ ಹಾಗೆ ಮಾಡಿದ್ದಾರೆ."

"ಇಪ್ಪತ್ತು ವರ್ಷದ ಹಿಂದೆ ನಾನೇ ಕಟ್ಟಿದ್ದು ಸಾರ್."

"ಅದಕ್ಕೇ ನಿನಗೆ ಅನುಮಾನ ಬರ್ತಿಲ್ಲ" ಎಂದರು ಅಪ್ಪ ಸಮಾಧಾನದಿಂದ.

ಮೇಸ್ತ್ರಿ ನನ್ನ ಕಡೆ ನೋಡಿ ಹುಬ್ಬೇರಿಸಿದ. ಬಚ್ಚಲಿನ ಹಿಂಬಾಗಿಲಿನ ಆಚೆ ನರ್ಸಮ್ಮ ಗಂಟು, ಒಂದು ಟ್ರಂಕು, ಒಂದು ಸ್ಟೂಲು ಇಟ್ಟುಕೊಂಡು ಗಾಡಿಯವನಿಗೆ ಕಾಯುತ್ತಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಆಸ್ಪತ್ರೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ವಾರ ಇರಬಹುದಂತೆ, ಆಮೇಲೆ ನೋಡಬೇಕಂತೆ. ಗಾಡಿಯವನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು.

ಮಾತು ಬರುವುದಿಲ್ಲ ನಿಜ, ಆದರೆ ಕೈಯಿದೆಯಲ್ಲ. ತೋಳು ಮಡಿಚಿ, ವಾಚು ಬಿಚ್ಚಿ, ಎಲ್ಲರ ಎದುರಿಗೆ ಬಚ್ಚಲಿನ ಕಟ್ಟೆಯ ಮೇಲೆ ಇಟ್ಟೆ. ಅದರ ಮುಖದ ಮೇಲೆ ಸದಸ್ಯ 417 ಎಂದು ಹೊಳೆಯುತ್ತಿತ್ತು. ಇನ್ನು ಅದೇ ಹೇಳಿಕೊಳ್ಳಲಿ ಎಂದು ಕಣ್ಣು ಮುಚ್ಚಿ ನಿಂತೆ.

ಅಪ್ಪ ಅದನ್ನು ಎತ್ತಿ ಓದಿದರು. ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದರು. "ನೋಡಿ ಸಾರ್. ನನ್ನ ಮಗಳು. ಮಾತಾಡಲ್ಲ, ಕೆಲಸ ಮಾಡಿ ತೋರಿಸ್ತಾಳೆ. ಅವನ ವಾಚನ್ನೇ ಹುಡುಕಿ ತಂದಿದ್ದಾಳೆ."

ನಾನು ಕಣ್ಣು ಬಿಟ್ಟೆ. ಎಲ್ಲರೂ ನನ್ನನ್ನು, ಹುಟ್ಟಿದ ಮೇಲೆ ಮೊದಲ ಬಾರಿಗೆ, ಮೆಚ್ಚಿ ನೋಡುತ್ತಿದ್ದರು. ಮೂರನೆಯ ಮನೆಯವರು ಕುರ್ಚಿ ಬಿಟ್ಟುಕೊಟ್ಟರು.

ಇನ್‌ಸ್ಪೆಕ್ಟರ್ ಬಗ್ಗಿ ಕೇಳಿದರು, "ಎಲ್ಲಿ ಸಿಕ್ತು ಮಗು? ಔಟ್‌ಹೌಸಲ್ಲಿ ತಾನೆ?"

ಹಳದಿ ಬಟ್ಟೆಗೂ ಆಗಲಿ ಎಂದು ಆಡಿ ಆಡಿ ರೂಢಿಯಾದ ನನ್ನ ತಲೆ, ನನ್ನನ್ನು ಒಂದು ಮಾತೂ ಕೇಳದೆ, ಹೌದೆಂದು ಆಡಿಬಿಟ್ಟಿತು.

"ಆಯ್ತಲ್ಲ" ಎಂದರು ಇನ್‌ಸ್ಪೆಕ್ಟರ್. "ಇನ್ನೇನು ಸಾಕ್ಷಿ ಬೇಕು? ಒಡಿಯಯ್ಯ ಗೋಡೆ."

ಹಿಂಬಾಗಿಲಿನಿಂದ ನರ್ಸಮ್ಮ ಎಲ್ಲವನ್ನೂ ನೋಡಿದ್ದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಗಂಟನ್ನು ಹೆಗಲಿಗೇರಿಸಿ, ಬಂದು ನಿಂತ ಗಾಡಿಯವನಿಗೆ, "ಆ ಸ್ಟೂಲು ಹುಷಾರಾಗಿ ಎತ್ತಪ್ಪ, ಒಂದು ಕಾಲು ಸಡಿಲ ಇದೆ" ಎಂದಷ್ಟೇ ಹೇಳಿದರು.

"ಇಲ್ಲ" ಎಂದೆ ನಾನು.

ಯಾರಿಗೂ ಕೇಳಿಸಲಿಲ್ಲ. ಮೇಸ್ತ್ರಿಯ ಮೊದಲ ಏಟಿಗೆ ಚೌಕದ ಒಂದು ಮೂಲೆಯಿಂದ ಅಂಗೈಯಗಲ ಗಾರೆ ಉದುರಿತು. "ಇಲ್ಲ" ಎಂದು ಮತ್ತೆ ಹೇಳಿದೆ. ಎರಡನೆಯ ಏಟಿಗೆ ಸುತ್ತಿಗೆ ಎತ್ತಿದ ಮೇಸ್ತ್ರಿ ಅದನ್ನು ಗಾಳಿಯಲ್ಲೇ ಹಿಡಿದು ನಿಂತ. "ಸ್ವಲ್ಪ ತಡೀರಿ ಸಾರ್. ಈ ಅಮ್ಮ ಏನೋ ಅಂತಿದ್ದಾರೆ."

ಎಲ್ಲರೂ ತಿರುಗಿದರು. ಬಚ್ಚಲೊಳಗಿನ ಆರು ಜನ, ಹಜಾರದಲ್ಲಿ ಇನ್ನೊಂದು ಹದಿನೈದು, ಕಿಟಕಿಯ ಆಚೆ ಗಾಡಿಯವನು, ಅವನ ಕೈಯಲ್ಲಿ ಸ್ಟೂಲು. ಅಪ್ಪನ ಮುಖದಲ್ಲಿ ನನ್ನ ಬಗ್ಗೆ ಆಗತಾನೆ ಹುಟ್ಟಿದ ಹೆಮ್ಮೆ ಇನ್ನೂ ಬಿಸಿಯಾಗಿಯೇ ಇತ್ತು. ಅದನ್ನು ಒಂದು ಗಳಿಗೆ ನೋಡಿಕೊಂಡೆ. ಆಮೇಲೆ, ಅಷ್ಟು ಸಣ್ಣ ಬಚ್ಚಲಿಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಹೇಳಿದೆ.

"ಆ ವಾಚ್ ನಂದು. ನಾನೂರ ಹದಿನೇಳು ನಾನು."